ಒಣ ತೂಕ

ಗೋಣಿಕೊಪ್ಪದ ತೂಕದ ಚೀಟಿಯ ಬೆನ್ನಿಗೆ
ಪೂಣಚ್ಚ ಒಂದು ದೇಶ ಬರೆದಿದ್ದಾನೆ:
ಹನೋಯ್ ಎರಡು ರಾತ್ರಿ, ಹುವೆ ಒಂದು,
ಹೋಯಾನ್ ಎರಡು, ಸೈಗಾನ್ ಒಂದೂವರೆ
(ಆ ಅರ್ಧ ರಾತ್ರಿ ಎಲ್ಲಿ ಮಲಗುವುದು ಎಂದರೆ
ವಿಮಾನ ನಿಲ್ದಾಣದ ಬೆಂಚಿದೆಯಲ್ಲ, ಅನ್ನುತ್ತಾನೆ).
ಕೊನೆಗೆ ಗೆರೆ ಎಳೆದು, ಒತ್ತಿ,
ದ್ವೀಪ. ಫು ಕ್ವೋಕ್. ಮೂರು.

ರೂಪಾಯಿಯಲ್ಲಿ ಬರೆದರೆ ನಾನು ಹೆದರುತ್ತೇನೆಂದು
ಎಲ್ಲವನ್ನೂ ಮೆಣಸಿಗೆ ತಿರುಗಿಸಿದ್ದಾನೆ.
ಹನೋಯ್‌ನ ಕೋಣೆ ಹನ್ನೆರಡು ಕಿಲೋ.
ರಾತ್ರಿ ರೈಲು ಒಂಬತ್ತು, ಮೇಲಿನ ಬರ್ತಾದರೆ ಎಂಟು.
ದೋಣಿ ಎರಡೂವರೆ.
ಅಂಗಳದ ಟಾರ್ಪಾಲಿನ ಮೇಲೆ ಒಣಗುತ್ತಿರುವ ದೇಶವನ್ನು
ದಿನಕ್ಕೆ ಮೂರು ಸಲ ನಾನೇ ಕಾಲಿನಿಂದ ಕೆದಕಿ ತಿರುವುತ್ತೇನೆ.
ನಿನ್ನೆ ನಾಯಿ ಅಡ್ಡ ಓಡಿ
ಹುವೆಯ ಅರಮನೆಯ ಟಿಕೇಟು ಚೆಲ್ಲಾಪಿಲ್ಲಿ.

ತಿಂಗಳು ಹುಡುಕುವುದು ಇನ್ನೂ ಕಷ್ಟ.
ನಮಗೆ ಬಿಡುವು ಕಕ್ಕಡದಲ್ಲಿ, ಆಗ ದ್ವೀಪಕ್ಕೂ ಮಳೆ.
ಇಲ್ಲಿ ಪುಕ್ಕಟೆ ಸುರಿಯುವುದನ್ನು ಬಿಟ್ಟು
ಅಲ್ಲಿನದಕ್ಕೆ ದುಡ್ಡು ಕೊಡುವುದೆ?
ಕೈಲ್‌ಪೊಳ್ದಿಗೆ ನೆಂಟರು, ಪುತ್ತರಿಗೆ ನಾವೇ ನೆಂಟರು,
ಆಮೇಲೆ ಕಾಫಿ ಹಣ್ಣು, ಮೆಣಸು,
ಹೂಮಳೆ ಬಂತೋ ಇಲ್ಲವೋ ಎಂದು ಆಕಾಶ ನೋಡುವ ಕೆಲಸ.
ಉಳಿದದ್ದು ಏಪ್ರಿಲ್‌ನ ಹದಿಮೂರು ದಿನ.
ಅದರ ನಡುವೆ ಯಾರದೋ ಮದುವೆ.

ಅತ್ತೆ ಬೊಳ್ಳವ್ವ ಬರುತ್ತಾರೆ. ಕೇಳಲಿಲ್ಲ, ತಿಳಿಸಿದರು.
ಒಮ್ಮೆ ಮಾಕುಟ್ಟ ಇಳಿದು ಕಣ್ಣೂರಿನ ಕಡಲು ನೋಡಿ
"ಇಷ್ಟು ನೀರಿಗೆ ಉಪ್ಪು ಹಾಕಿ ಹಾಳು ಮಾಡಿದ್ದಾರೆ" ಅಂದವರು.
ಅವರ ಚೀಲದಲ್ಲಿ ಆಗಲೇ ಕಾಚಂಪುಳಿಯ ಬಾಟಲಿ.
ಅಲ್ಲೂ ಹಂದಿ ಬೇಯಿಸುತ್ತಾರಂತೆ, ಇದಿಲ್ಲದೆ, ಪಾಪ.
ನೂರು ಮಿಲಿಗಿಂತ ಹೆಚ್ಚು ಕೈಚೀಲದಲ್ಲಿ ಬಿಡುವುದಿಲ್ಲ ಎಂದೆ.
ಮರುದಿನ ಕೆಮ್ಮಿನ ಔಷಧಿಯ ಖಾಲಿ ಸೀಸೆ
ತೊಳೆದು, ಬೋರಲು ಹಾಕಿ, ಬಿಸಿಲಿಗಿಟ್ಟಿತ್ತು.

ಬುಧವಾರ ಪೇಟೆಯಿಂದ ಮೊಯ್ದುಟ್ಟಿಯ ಫೋನು:
ಕಿಲೋಗೆ ನಲವತ್ತು ಇಳಿದಿದೆ,
ವಿಯೆಟ್ನಾಮಿನ ಮಾಲು ಬಂದಿದೆ.
ಪೂಣಚ್ಚ ಮಾತಾಡದೆ ಪೆನ್ನು ತೆಗೆದು
ಹುವೆಯ ಮೇಲೆ ಗೀಟು ಹೊಡೆದ.
ಅರಮನೆ, ನದಿ, ಬೆಳಗಿನ ಉಪ್ಪಿಟ್ಟಿನ ಬದಲಿನ ಶ್ಯಾವಿಗೆ ಸಾರು
ಎಲ್ಲವನ್ನೂ ಅವರ ಮೆಣಸೇ ತಿಂದುಹಾಕಿತು.
"ದ್ವೀಪ ಮಾತ್ರ ಬಿಡುವುದಿಲ್ಲ," ಎಂದ.
"ಆ ಬಳ್ಳಿಯ ಮುಖ ನೋಡಿಯೇ ಬರಬೇಕು."
ಅಲ್ಲಿ ಮೆಣಸಿನ ತೋಟಗಳಿವೆಯಂತೆ, ಒಳಗೆ ಬಿಡುತ್ತಾರಂತೆ,
ಸೊನ್ನೆ ಕಿಲೋ.
ನನಗೆ ಅಲ್ಲಿ ಬೇಕಿದ್ದದ್ದು ಬರೀ ಕಡಲು,
ಮೂರು ದಿನ
ಕಣ್ಣಿಗೆ ಬಿದ್ದ ಯಾವ ಗಿಡದ ಹೆಸರೂ
ಗೊತ್ತಿರದ ಹಾಗೆ ಇರುವುದು.

ಸಂಜೆ ಸಿಲ್ವರ್ ಓಕಿನಿಂದ ಇಳಿದ ಚಾತ
ಒಂಟಿ ಬಿದಿರಿನ ಏಣಿಯನ್ನು ಗೋಡೆಗೊರಗಿಸಿ
ಫೋನಿನ ಚಿತ್ರ ನೋಡಿದ:
ಆಳಿಗಿಂತ ಒಂದಿಷ್ಟು ಎತ್ತರದ ಕಂಬ, ಸುತ್ತ ಬಳ್ಳಿ,
ಟೋಪಿಯ ಹೆಂಗಸು ಕೈ ಎತ್ತಿ ಕೊಯ್ಯುತ್ತಿದ್ದಾಳೆ.
"ಏಣಿ ಎಲ್ಲಿ?"
"ಸಣ್ಣದಿರಬೇಕು."
ಹೋದ ವರ್ಷ ಮುರಿದು ಕೂಡಿದ ಮಣಿಕಟ್ಟನ್ನು
ಇನ್ನೊಂದು ಕೈಯಿಂದ ಸವರಿಕೊಂಡ.
ಪಟ್ಟಿಯನ್ನೂ ತೋರಿಸಿದೆವು, ಯಾಕೆ ತೋರಿಸಿದೆವೋ.
ಊರುಗಳನ್ನು ದಾಟಿ ಅವನ ಬೆರಳು ಹನ್ನೆರಡರ ಮೇಲೆ ನಿಂತಿತು.
"ಹಸಿ ತೂಕವಾ, ಒಣ ತೂಕವಾ?"
"ಒಣ."
ತುಟಿ ಅಲ್ಲಾಡಿಸಿ ಲೆಕ್ಕ ಹಾಕಿದ.
"ಹಾಗಾದ್ರೆ ಈ ಕೋಣೆ ನನ್ನ ಒಂದು ದಿನ."
ಪೂಣಚ್ಚ ಟಾರ್ಪಾಲಿನ ಮೂಲೆ ಮಡಚಲು ಎದ್ದ.

ಗೇಟಿನ ತನಕ ಹೋದವನು ತಿರುಗಿ,
"ಅಲ್ಲಿಯ ಏಣಿದೊಂದು ಫೋಟೋ ತನ್ನಿ ಅಕ್ಕ," ಎಂದ.

ಚೀಟಿಯಲ್ಲಿ ಜಾಗವಿರಲಿಲ್ಲ.
ಹುವೆಗೆ ಹೊಡೆದ ಗೀಟಿನ ಮೇಲೆಯೇ ಬರೆದೆ,
ಏಣಿ.